ಪಾಡ್‌ಕಾಸ್ಟ್‌ಗೆ ಯಾವ ಸಾಫ್ಟ್‌ವೇರ್? ಎರಡು ದನಿಗೆ ಎರಡು ಟ್ರ್ಯಾಕ್ ಕೊಡುವಂಥದ್ದು

ಮುಂಬಯಿಯ ಕನ್ನಡಿಗರಲ್ಲಿ ಹಿಡಿದಿಡಬೇಕಾದ ಮಾತು ಬೇಕಾದಷ್ಟಿದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಮಾತಾಡಿಸಿ ಪಾಡ್‌ಕಾಸ್ಟ್ ಮಾಡಲು ಹೊರಟವರು ಮೈಕ್‌ಗೆ ಸಾವಿರಾರು ರೂಪಾಯಿ ಹಾಕುತ್ತಾರೆ. ಸಾಫ್ಟ್‌ವೇರ್ ಮಾತ್ರ ಯಾರೋ ಹೇಳಿದ್ದನ್ನು ಸುಮ್ನೆ ಹಾಕಿಕೊಳ್ಳುತ್ತಾರೆ. ಕೊನೆಗೆ ಎರಡು ದನಿಯೂ ಒಂದೇ ಟ್ರ್ಯಾಕಿನಲ್ಲಿ, ಅಂದರೆ ಒಂದೇ ದನಿಪಟ್ಟಿಯಲ್ಲಿ, ಬೆರೆತು ಕೂತಿರುತ್ತವೆ. ಅಜ್ಜ ಮುಖ್ಯವಾದದ್ದನ್ನು ಹೇಳುವಾಗ ನೀವು ಕೆಮ್ಮಿದ್ದರೆ ಆ ಕೆಮ್ಮನ್ನು ಮಾತ್ರ ಕತ್ತರಿಸಿ ತೆಗೆಯಲು ಆಗುವುದಿಲ್ಲ.

ಒಬ್ಬರೇ ಮಾತಾಡುವುದಾದರೆ ಆಯ್ಕೆ ಸುಲಭ. ವಿಂಡೋಸ್ ಆದರೆ ಆಡಾಸಿಟಿ, ಮ್ಯಾಕ್ ಆದರೆ ಗ್ಯಾರೇಜ್‌ಬ್ಯಾಂಡ್. ಎರಡೂ ಉಚಿತ. ಆಡಾಸಿಟಿಯನ್ನು ಅದರ ಸ್ವಂತ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ. ಬೇರೆ ‘ಫ್ರೀ ಡೌನ್‌ಲೋಡ್’ ತಾಣಗಳಲ್ಲಿ ಅದರ ಜೊತೆ ಬೇಡದ್ದೂ ಬಂದು ಸೇರಬಹುದು.

ಒಂದೇ ಕೋಣೆಯಲ್ಲಿ ಇಬ್ಬರು ಕೂತಾಗಲೇ ಹೆಚ್ಚಿನವರು ಎಡವುವುದು. ಎರಡು ಯುಎಸ್‌ಬಿ ಮೈಕ್ ತಂದು ಲ್ಯಾಪ್‌ಟಾಪ್‌ಗೆ ಚುಚ್ಚುತ್ತಾರೆ. ಆಡಾಸಿಟಿ ಒಂದು ಸಲಕ್ಕೆ ಒಂದೇ ಸಾಧನದಿಂದ ದನಿ ತೆಗೆದುಕೊಳ್ಳುತ್ತದೆ, ಎರಡನೇ ಮೈಕ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅದಕ್ಕೇ ಎರಡು ಇನ್‌ಪುಟ್ ಇರುವ ಒಂದು ಆಡಿಯೋ ಇಂಟರ್‌ಫೇಸ್ (ಮೈಕ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಮತ್ತು ಅದಕ್ಕೆ ಚುಚ್ಚುವ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಮೈಕ್ ಎರಡು ತೆಗೆದುಕೊಳ್ಳಿ. ಆಡಾಸಿಟಿಯಲ್ಲಿ ಇಂಟರ್‌ಫೇಸ್ ಆರಿಸಿ, ರೆಕಾರ್ಡಿಂಗ್ ಚಾನೆಲ್ ಅನ್ನು ಸ್ಟೀರಿಯೋಗೆ (ಎಡ, ಬಲ ಎರಡು ಚಾನೆಲ್) ಇಡಿ. ಒಂದನೇ ಮೈಕ್ ಎಡಕ್ಕೆ, ಎರಡನೆಯದು ಬಲಕ್ಕೆ ಬೀಳುತ್ತದೆ. ಮಾತು ಮುಗಿದ ಮೇಲೆ ಟ್ರ್ಯಾಕ್ ಮೆನುವಿನಲ್ಲಿ ‘ಸ್ಪ್ಲಿಟ್ ಸ್ಟೀರಿಯೋ ಟು ಮೋನೋ’ ಒತ್ತಿ. ಎರಡು ದನಿ ಎರಡು ಟ್ರ್ಯಾಕ್ ಆಗುತ್ತವೆ. ರೆಕಾರ್ಡ್ ಮಾಡುವಾಗ ಚಾನೆಲ್ ಅನ್ನು ಮೋನೋದಲ್ಲಿ (ಒಂದೇ ಚಾನೆಲ್) ಬಿಟ್ಟಿದ್ದರೆ ಆಮೇಲೆ ಬೇರ್ಪಡಿಸಲು ದಾರಿಯಿಲ್ಲ. ಮೂರ್ನಾಲ್ಕು ಜನ ಕೂರುವುದಾದರೆ ಅಷ್ಟು ಇನ್‌ಪುಟ್ ಇರುವ ಇಂಟರ್‌ಫೇಸ್ ಜೊತೆ ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದರಲ್ಲಿ ಪ್ರತಿ ಟ್ರ್ಯಾಕ್‌ಗೂ ಬೇರೆ ಬೇರೆ ಇನ್‌ಪುಟ್ ಕೊಡಬಹುದು. 60 ದಿನ ಪುಕ್ಕಟೆ ಬಳಸಿ ನೋಡಬಹುದು, ಆಮೇಲೆ ಮನೆಬಳಕೆಯ ಲೈಸೆನ್ಸ್‌ಗೆ 60 ಡಾಲರ್. ದುಡ್ಡು ಕೊಡುವ ಮನಸ್ಸಿದ್ದರೆ ತಿಂಗಳ ಬಾಡಿಗೆಯ ಸಾಫ್ಟ್‌ವೇರ್ ಬಿಟ್ಟು ಇದಕ್ಕೇ ಕೊಡಿ.

ಅತಿಥಿ ಉಡುಪಿಯಲ್ಲೋ ಧಾರವಾಡದಲ್ಲೋ ಇದ್ದರೆ? ಜೂಮ್‌ನಲ್ಲಿ ಪ್ರತಿಯೊಬ್ಬರ ದನಿಗೂ ಬೇರೆ ಫೈಲ್ ಮಾಡುವ ಆಯ್ಕೆ ಇದೆ, ಮೊದಲೇ ಆನ್ ಮಾಡಬೇಕು. ಆದರೆ ಆ ದನಿ ಇಂಟರ್ನೆಟ್ ದಾಟಿ ಬಂದದ್ದು. ನೆಟ್ ತಡವರಿಸಿದರೆ ಮಾತೂ ತುಂಡಾಗುತ್ತದೆ. ರಿವರ್‌ಸೈಡ್, ಝೆನ್‌ಕಾಸ್ಟರ್‌ನಂಥ, ಬ್ರೌಸರಿನಲ್ಲೇ ನಡೆಯುವ ಸೇವೆಗಳು ಅವರವರ ಕಂಪ್ಯೂಟರಿನಲ್ಲೇ ರೆಕಾರ್ಡ್ ಮಾಡಿ ಆಮೇಲೆ ಕಳಿಸುತ್ತವೆ, ಅವೇ ವಾಸಿ. ಅಪ್‌ಲೋಡ್ ಮುಗಿಯುವ ತನಕ ಬ್ರೌಸರ್ ಮುಚ್ಚಬೇಡಿ ಎಂದು ಅತಿಥಿಗೆ ಹೇಳಿರಿ. ಇಬ್ಬರಿಗೂ ಇಯರ್‌ಫೋನ್ ಬೇಕೇ ಬೇಕು, ಇಲ್ಲದಿದ್ದರೆ ನಿಮ್ಮ ದನಿ ಅವರ ಮೈಕ್‌ಗೂ ನುಗ್ಗುತ್ತದೆ.

ಖರ್ಚಿಲ್ಲದ ದಾರಿಯೂ ಇದೆ. ಮಾತು ಕರೆಯಲ್ಲೇ ನಡೆಯಲಿ, ನಿಮ್ಮ ದನಿಯನ್ನು ನೀವು ಇಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅತಿಥಿ ತಮ್ಮ ಬಾಯಿ ಹತ್ತಿರ ಇನ್ನೊಂದು ಫೋನಿಟ್ಟು ರೆಕಾರ್ಡರ್ ಆನ್ ಮಾಡಲಿ, ಶುರುವಿನಲ್ಲಿ ಒಮ್ಮೆ ಚಪ್ಪಾಳೆ ತಟ್ಟಲಿ. ಅದು ನಿಮ್ಮ ಇಯರ್‌ಫೋನಿನಲ್ಲಿ ಕೇಳಿದ ತಕ್ಷಣ ನೀವೂ ತಟ್ಟಿ. ಎರಡು ಟ್ರ್ಯಾಕಿನ ಚಪ್ಪಾಳೆ ಹೊಂದಿಸಿದರೆ ಮಾತೂ ಹೊಂದುತ್ತದೆ. ಕೊನೆಯಲ್ಲೂ ಹಾಗೇ ತಟ್ಟಿ, ಏಕೆಂದರೆ ಎರಡು ಯಂತ್ರಗಳ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ. ಉದ್ದ ಮಾತುಕತೆಯಲ್ಲಿ ದನಿಗಳು ಮೆಲ್ಲಗೆ ಹಿಂದೆಮುಂದಾಗುತ್ತವೆ.

ಇನ್ನು ಗದ್ದಲ. ‘ಒಂದೇ ಒತ್ತಿಗೆ ಸ್ಟುಡಿಯೋ ದನಿ’ ಎನ್ನುವ ಆ್ಯಪ್‌ಗಳಿಂದ ದೂರ ಇರಿ. ಅವು ಸಕಾರ, ಹಕಾರಗಳನ್ನೂ ಗದ್ದಲವೆಂದು ನುಂಗಬಹುದು. ವಯಸ್ಸಾದವರ ಮೆಲುದನಿಯೂ ಅದರ ಜೊತೆ ಹೋಗಬಹುದು. ರೆಕಾರ್ಡ್ ಆಗುವಾಗ ಯಾವ ಫಿಲ್ಟರೂ ಬೇಡ. ಬದಲಿಗೆ ಮಾತು ಶುರುವಾಗುವ ಮೊದಲು 10 ಸೆಕೆಂಡ್ ಎಲ್ಲರೂ ಸುಮ್ಮನಿದ್ದು ಖಾಲಿ ಕೋಣೆಯನ್ನು ರೆಕಾರ್ಡ್ ಮಾಡಿ. ಆಡಾಸಿಟಿಯ ‘ನಾಯ್ಸ್ ರಿಡಕ್ಷನ್’ಗೆ ಆ ತುಣುಕನ್ನು ತೋರಿಸಿದರೆ ಫ್ಯಾನಿನ ಗುಂಯ್ ಎನ್ನುವ ಸದ್ದು ಕಡಿಮೆಯಾಗುತ್ತದೆ. ಲೋಕಲ್ ರೈಲಿನ ಹಾರ್ನ್, ಪಕ್ಕದ ಮನೆಯ ಕುಕ್ಕರ್ ಕೂಗು ಹೋಗುವುದಿಲ್ಲ, ಅವು ಒಂದೇ ಸಮನೆ ಇರುವ ಸದ್ದಲ್ಲ. ರೈಲು ದಾಟುವ ತನಕ ಮಾತು ನಿಲ್ಲಿಸಿ, ಆ ವಾಕ್ಯವನ್ನು ಇನ್ನೊಮ್ಮೆ ಹೇಳಿಸಿ.

ಸಾಫ್ಟ್‌ವೇರಿನ ಮೀಟರಿನಲ್ಲಿ ದನಿಯ ಮಟ್ಟ ಜೋರು ಮಾತಿನಲ್ಲೂ ಮೈನಸ್ 6 ಡೆಸಿಬೆಲ್ ದಾಟದಿರಲಿ; ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ. ಉಳಿಸುವುದು ವೇವ್ (ದನಿಯನ್ನು ಕುಗ್ಗಿಸದೆ ಇಡುವ) ಫೈಲಾಗಿ, 48 ಕಿಲೋಹರ್ಟ್ಸ್, 24 ಬಿಟ್. ಒಂದು ಮೋನೋ ಟ್ರ್ಯಾಕ್‌ಗೆ ಗಂಟೆಗೆ ಸುಮಾರು 500 ಎಂಬಿ ಬೇಕು, ಜಾಗ ಮೊದಲೇ ನೋಡಿಕೊಳ್ಳಿ. ಎಂಪಿ3 ಮಾಡುವುದು ಎಡಿಟಿಂಗ್ ಪೂರ್ತಿ ಮುಗಿದ ಮೇಲೆ, ಪ್ರಕಟಿಸುವ ಪ್ರತಿಗೆ ಮಾತ್ರ. ಮೂಲ ವೇವ್ ಫೈಲುಗಳನ್ನು ಇನ್ನೊಂದು ಡ್ರೈವಿನಲ್ಲಿ ಹಾಗೇ ಇಟ್ಟುಕೊಳ್ಳಿ.