ಗೀಸರ್, ಮೂರು ಥರದ ಭರವಸೆ ಮತ್ತು ಒಂದು ಜಾಬ್ ಶೀಟು

ಗೀಸರ್ ತಂದ ನಾಲ್ಕನೇ ತಿಂಗಳಿಗೆ ಬಚ್ಚಲುಮನೆ ಗೋಡೆ ಒದ್ದೆಯಾಗತೊಡಗಿತು. ಪೈಪಿನ ಜಾಯಿಂಟ್ ಸಡಿಲವಾಗಿರಬೇಕು ಅಂದುಕೊಂಡೆ. ಪ್ಲಂಬರ್ ಬಂದು ನೋಡಿ, "ಇಲ್ಲ ಮೇಡಂ, ಒಳಗಿಂದ್ಲೇ ಬರ್ತಿದೆ. ಟ್ಯಾಂಕೇ ಹೋಗಿದೆ" ಅಂದರು.

ನಾನೇನು ಕಣ್ಣು ಮುಚ್ಚಿ ಕೊಂಡವಳಲ್ಲ. ಆನ್‌ಲೈನ್‌ನಲ್ಲಿ ಗ್ರಾಹಕರ ರೇಟಿಂಗ್ 4.4 ಇತ್ತು. ಮೈಮೇಲೆ ಐದು ಸ್ಟಾರಿನ ಲೇಬಲ್. ಐಎಸ್‌ಐ ಗುರುತು ಬೇರೆ. ಇನ್ನೇನು ಬೇಕು, ಅಲ್ವಾ?

ಗೋಡೆ ಒದ್ದೆಯಾದ ಮೇಲೆ ಒಂದೊಂದನ್ನೇ ಕೆದಕಿ ನೋಡಿದೆ. ಲೇಬಲ್ಲಿನ ಐದು ಸ್ಟಾರು ಕರೆಂಟ್ ಉಳಿತಾಯದ್ದು. ಅದು ಕರೆಂಟ್ ಉಳಿತಾಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಬಿಇಇಯ ಲೆಕ್ಕ. ಟ್ಯಾಂಕ್ ಎಷ್ಟು ವರ್ಷ ಬಾಳುತ್ತದೆ ಅನ್ನುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಐಎಸ್‌ಐ ನಕಲಿ ಇರಬಹುದಾ ಎಂಬ ಅನುಮಾನ ಬಂತು. ಗುರುತಿನ ಮೇಲೆ ಐಎಸ್ 2082, ಅಂದರೆ ಗೀಸರಿನ ಮಾನದಂಡ. ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರು. ಸ್ಟೂಲ್ ಹತ್ತಿ, ಮೊಬೈಲ್ ಟಾರ್ಚ್ ಹಿಡಿದು ಆ ನಂಬರು ಓದಿ, ಐಎಸ್‌ಐ ಗುರುತು ಕೊಡುವ ಸಂಸ್ಥೆಯಾದ ಬಿಐಎಸ್‌ನ 'ಬಿಐಎಸ್ ಕೇರ್' ಆ್ಯಪ್‌ಗೆ ಹಾಕಿದೆ. ತಯಾರಕರ ಹೆಸರು, ವಿಳಾಸ ಎಲ್ಲ ಬಂತು. ಲೈಸೆನ್ಸ್ ಚಾಲ್ತಿಯಲ್ಲಿತ್ತು. ಗುರುತು ಅಸಲಿಯೇ. ಆದರೆ ಅದು ಹೇಳುವುದು ಸರಕಿನ ಬಗ್ಗೆ. ಸರಕು ಕೆಟ್ಟಾಗ ಕಂಪನಿ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು ಅದರಲ್ಲಿ ಬರುವುದಿಲ್ಲ.

ಕೊನೆಗೆ ರಿವ್ಯೂಗಳನ್ನು ಮತ್ತೆ ಓದಿದೆ. "ಡೆಲಿವರಿ ಸೂಪರ್", "ನೋಡೋಕೆ ಚೆನ್ನಾಗಿದೆ". ಹೆಚ್ಚಿನವು ಡಬ್ಬ ಬಿಚ್ಚಿದ ವಾರದಲ್ಲೇ ಬರೆದಂಥವು. ಆರು ತಿಂಗಳು ಬಳಸಿ ಬರೆದವರು ಎಲ್ಲೋ ತಳದಲ್ಲಿದ್ದರು, ಎರಡು ಮೂರು ಸ್ಟಾರು ಕೊಟ್ಟು. ಆನ್‌ಲೈನ್ ರಿವ್ಯೂಗೂ ಬಿಐಎಸ್ 2022ರಲ್ಲಿ ಐಎಸ್ 19000 ಎಂಬ ಮಾನದಂಡ ತಂದಿತು. ಇಷ್ಟವಿದ್ದವರು ಪಾಲಿಸಲಿ ಅಂತ ತಂದದ್ದು ಅದು. ಈಗ ನಾನು ರಿವ್ಯೂ ಓದುವುದು ತಳದಿಂದಲೇ.

ಕಂಪನಿಯ ಮೆಕ್ಯಾನಿಕ್ ಬಂದ. ಜಾಬ್ ಶೀಟಿನಲ್ಲಿ 'ಟ್ಯಾಂಕ್ ಲೀಕೇಜ್' ಅಂತ ಎರಡೇ ಪದ ಗೀಚಿ, ಸಹಿ ಹಾಕಿ ಹೋದ. ವಾರ ಕಳೆದ ಮೇಲೆ ಕಾಲ್ ಸೆಂಟರಿನವರ ಉತ್ತರ ಬಂತು: "ನಿಮ್ಮದು ಬೋರ್‌ವೆಲ್ ಗಡಸು ನೀರು. ವಾರಂಟಿ ಬರಲ್ಲ." ನಮ್ಮ ತುಮಕೂರಿನ ಬೋರ್ ನೀರು ಗಡಸು ನಿಜ. ಆದರೆ ಅದನ್ನು ಯಾರು ಅಳೆದರು? ಮೆಕ್ಯಾನಿಕ್ ನಲ್ಲಿ ತಿರುಗಿಸಿಯೂ ನೋಡಿರಲಿಲ್ಲ.

1915ಕ್ಕೆ ಫೋನ್ ಮಾಡಿದೆ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ದೂರಿಗೊಂದು ನಂಬರು ಕೊಟ್ಟು ಕಂಪನಿಗೆ ದಾಟಿಸುತ್ತಾರೆ. ಎಷ್ಟೋ ಜನರ ಕೆಲಸ ಅಲ್ಲೇ ಆಗಿಬಿಡುತ್ತದೆ. ನನ್ನದಕ್ಕೆ ಮತ್ತದೇ ಗಡಸು ನೀರಿನ ಉತ್ತರ. ಸಹಾಯವಾಣಿಯವರು ಆದೇಶ ಮಾಡುವಂತಿಲ್ಲ, ದಾಟಿಸಬಹುದು ಅಷ್ಟೇ. ಆದರೂ ಆ ಉತ್ತರ ಬರಹದಲ್ಲಿ ಸಿಕ್ಕಿತಲ್ಲ, ಅದು ಆಮೇಲೆ ಕೆಲಸಕ್ಕೆ ಬಂತು.

ಇನ್ನುಳಿದದ್ದು ಗ್ರಾಹಕರ ಕೋರ್ಟು, ಅಂದರೆ ಜಿಲ್ಲಾ ಆಯೋಗ. ಕಂಪನಿ ಎಲ್ಲೇ ಇರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವಿರುವ ಊರಲ್ಲೇ ದೂರು ಹಾಕಬಹುದು. ಎರಡು ವರ್ಷದೊಳಗೆ ಹಾಕಬೇಕು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಫೀಸಿಲ್ಲ. ನನ್ನ ಗೀಸರಿಗೆ ಕೊಟ್ಟಿದ್ದು 9,400 ರೂಪಾಯಿ. ವಕೀಲರನ್ನು ಇಡಲಿಲ್ಲ. ನಡೆದದ್ದನ್ನು ತಾರೀಖಿನ ಪ್ರಕಾರ ಬರೆದೆ. ಬಿಲ್ಲು, ವಾರಂಟಿ ಕಾರ್ಡು, ಜಾಬ್ ಶೀಟು, ಸಹಾಯವಾಣಿಯ ಉತ್ತರ ಲಗತ್ತಿಸಿದೆ. ಸಿಟ್ಟಿನಲ್ಲಿ 20,000 ರೂಪಾಯಿ ಪರಿಹಾರವನ್ನೂ ಕೇಳಿದೆ.

ದೂರು ದಾಖಲಾದ ಮೇಲೆ, ಮಧ್ಯಸ್ಥಿಕೆಗೆ ಹೋಗುತ್ತೀರಾ ಅಂತ ಆಯೋಗದವರೇ ಕೇಳಿದರು. ಇಬ್ಬರೂ ಬರಹದಲ್ಲಿ ಒಪ್ಪಬೇಕು. ರಾಜಿ ಆಗದಿದ್ದರೆ ಕೇಸು ಆಯೋಗದಲ್ಲೇ ಮುಂದುವರಿಯುತ್ತದೆ, ಕಳೆದುಕೊಳ್ಳುವುದೇನಿಲ್ಲ. ಒಪ್ಪಿದೆ.

ಒಳಗೆ ಯಾರು ಏನಂದರು ಅನ್ನುವುದು ಗುಟ್ಟಾಗಿಯೇ ಇರಬೇಕೆಂಬುದು ನಿಯಮ. ಹಾಗಾಗಿ ನನ್ನ ಪಾಡಷ್ಟೇ ಹೇಳುತ್ತೇನೆ. ಕೋರ್ಟಿನ ಕಟಕಟೆ ಥರ ಏನೂ ಇರಲಿಲ್ಲ. ಒಂದು ಮೇಜು, ನಾಲ್ಕು ಕುರ್ಚಿ. ಮಧ್ಯಸ್ಥಿಕೆದಾರರು ತೀರ್ಪು ಕೊಡುವವರಲ್ಲ ಅಂತ ಗೊತ್ತಿದ್ದೂ, ಅವರು ನನ್ನ ಪರ ಮಾತಾಡಲಿ ಎಂದು ಕಾಯುತ್ತ ಕೂತಿದ್ದೆ. ಮೊದಲ ದಿನ ನಾನು ಮಾತಾಡಿದ್ದೇ ಜಾಸ್ತಿ, ಏನೂ ಆಗಲಿಲ್ಲ. ಎರಡನೇ ಸಲ ಬಾಯಿ ಮುಚ್ಚಿಕೊಂಡು ಜಾಬ್ ಶೀಟನ್ನು ಮೇಜಿನ ಮೇಲಿಟ್ಟೆ. ಅದರಲ್ಲಿ ನೀರಿನ ಸುದ್ದಿಯೇ ಇರಲಿಲ್ಲವಲ್ಲ.

ಗೀಸರಿನ ಪೂರ್ತಿ ದುಡ್ಡು, ಓಡಾಟದ ಖರ್ಚಿಗೆ 3,000. ಇಷ್ಟಕ್ಕೆ ಸಹಿ ಹಾಕಿದೆ. ಬಾಕಿ 17,000 ಬಿಟ್ಟೆ. ಯಜಮಾನರು ಈಗಲೂ ಗೊಣಗುತ್ತಾರೆ. ನನಗೇನೋ ಬೇಜಾರಿಲ್ಲ. ಇಬ್ಬರೂ ಸಹಿ ಹಾಕಿದ ಆ ಒಪ್ಪಂದದ ಮೇಲೆ ಆಯೋಗ ಆದೇಶ ಮಾಡಿತು, ದುಡ್ಡು ಖಾತೆಗೆ ಬಂತು.

ಆಮೇಲೆ ಹಳೇ ಗೀಸರ್ ಒಯ್ಯಲು ಒಬ್ಬ ಹುಡುಗ ಬಂದ. ಅದನ್ನು ಹೊತ್ತು ಹೊರಡುವಾಗ, "ತಡಿಯಪ್ಪಾ" ಅಂತ ನಿಲ್ಲಿಸಿ ಒಂದು ಚೀಟಿಯ ಮೇಲೆ ತಾರೀಖು ಬರೆಸಿ ಸಹಿ ಹಾಕಿಸಿಕೊಂಡೆ.