ಸಬ್‌ಕ್ವೆರಿ ಜಾಯಿನ್: ಮೌಲ್ಯಗಳ ಸರದಿ ತಪ್ಪಿದಾಗ

ರಾಯಚೂರಿನ ಹತ್ತಿ ದಲಾಲಿ ಅಂಗಡಿಯೊಂದರ ಲೆಕ್ಕದ ತಂತ್ರಾಂಶ ನನ್ನದು. ಪ್ರತಿ ರೈತರ ಹೆಸರಿನ ಮುಂದೆ ಕೊನೆಯ ಬಿಲ್ಲಿನ ದಿನಾಂಕ ಬೇಕೆಂದು ಸಾಹುಕಾರರು ಕೇಳಿದರು. ಬಿಲ್ಲುಗಳನ್ನು ರೈತವಾರು ಗುಂಪು ಮಾಡಿ, ಗರಿಷ್ಠ ದಿನಾಂಕ ತೆಗೆದು, ಆ ಸಬ್‌ಕ್ವೆರಿಯನ್ನೇ (ಕ್ವೆರಿಯೊಳಗಿನ ಕ್ವೆರಿ) ಕೋಷ್ಟಕದಂತೆ ರೈತರ ಕೋಷ್ಟಕಕ್ಕೆ ಜಾಯಿನ್ ಮಾಡಬೇಕು, ಅಂದರೆ ಜೋಡಿಸಬೇಕು. ಜಾಲತಾಣ ಕಟ್ಟಲು ಬಳಸುವ ಲಾರಾವೆಲ್ ಫ್ರೇಮ್‌ವರ್ಕ್‌ನ (ಸಿದ್ಧ ಕೋಡಿನ ಚೌಕಟ್ಟು) 5.6ನೇ ಆವೃತ್ತಿಯಲ್ಲಿ ಇದಕ್ಕೆಂದೇ ‘ಜಾಯಿನ್‌ಸಬ್’ ಇದೆ. ನಾನೇ ಬರೆದುಕೊಂಡ ಪುಟ್ಟ ಫ್ರೇಮ್‌ವರ್ಕ್ ಮಾತ್ರ ಕೋಷ್ಟಕದ ಹೆಸರನ್ನಷ್ಟೇ ಒಪ್ಪುತ್ತಿತ್ತು.

ಸಬ್‌ಕ್ವೆರಿಯನ್ನು ಆವರಣದೊಳಗಿಟ್ಟು ಅಲಿಯಾಸ್ (ತಾತ್ಕಾಲಿಕ ಹೆಸರು) ಕೊಡುವುದು ಅರ್ಧ ಗಂಟೆಯ ಕೆಲಸ. ಆದರೆ ಪುಟ ಖಾಲಿ ಬಂತು. ದೋಷದ ಸಂದೇಶವೂ ಇಲ್ಲ. ಲಾಗ್ ತೆರೆದು, ಕ್ವೆರಿಯಲ್ಲಿ ಮೌಲ್ಯ ಬರಬೇಕಾದ ಜಾಗ ತೋರಿಸುವ ಒಂದೊಂದು ಪ್ರಶ್ನಾರ್ಥಕ ಚಿಹ್ನೆಯ ಮೇಲೂ ಅದಕ್ಕೆ ಹೋದ ಮೌಲ್ಯವನ್ನು ಪೆನ್ಸಿಲಿನಲ್ಲಿ ಬರೆದೆ. ದಿನಾಂಕದ ಜಾಗದಲ್ಲಿ ‘ಮಾನ್ವಿ’, ತಾಲ್ಲೂಕಿನ ಜಾಗದಲ್ಲಿ ‘2024-10-01’! ಎಸ್‌ಕ್ಯೂಲೈಟ್ ದತ್ತಸಂಚಯದಲ್ಲಿ ದಿನಾಂಕವನ್ನು ಪಠ್ಯವಾಗಿಯೇ ಇಟ್ಟಿದ್ದೆ, ಹಾಗಾಗಿ ಅದು ತಕರಾರು ಎತ್ತಲಿಲ್ಲ.

ಕೋಡಿನಲ್ಲಿ ತಾಲ್ಲೂಕಿನ ‘ವೇರ್’ (ಯಾವ ಸಾಲುಗಳು ಬೇಕೆಂದು ಸೋಸುವ) ಷರತ್ತನ್ನು ಮೊದಲು, ದಿನಾಂಕದ ಷರತ್ತಿದ್ದ ಸಬ್‌ಕ್ವೆರಿಯ ಜಾಯಿನನ್ನು ಆಮೇಲೆ ಬರೆದಿದ್ದೆ, ಮೌಲ್ಯಗಳೂ ಅದೇ ಸರದಿಯಲ್ಲಿ ಸೇರುತ್ತಿದ್ದವು. ಎಸ್‌ಕ್ಯೂಎಲ್ ವಾಕ್ಯದಲ್ಲಿ ಜಾಯಿನ್ ಬರುವುದು ‘ವೇರ್’ಗಿಂತ ಮೊದಲು. ಎರಡರ ಮೌಲ್ಯಗಳಿಗೂ ಬೇರೆ ಬೇರೆ ಅರೇ (ಪಟ್ಟಿ) ಇಟ್ಟು, ಕ್ವೆರಿ ಓಡಿಸುವ ಕ್ಷಣದಲ್ಲಿ ಜಾಯಿನ್‌ನ ಮೌಲ್ಯಗಳನ್ನು ಮುಂದಿಟ್ಟು ಕೂಡಿಸಿದೆ. ಬಿಲ್ಲಿದ್ದ ರೈತರ ಸಾಲುಗಳೆಲ್ಲ ಬಂದವು.

ಬಳಿಕ ಜಾಯಿನನ್ನು ಲೆಫ್ಟ್ ಜಾಯಿನ್ ಮಾಡಿದೆ; ಅದು ಜೋಡಿ ಸಿಗದ ರೈತರ ಸಾಲನ್ನೂ ಉಳಿಸಿಕೊಳ್ಳುತ್ತದೆ. ಇನ್ನೂ ಒಂದು ಬಿಲ್ಲೂ ಆಗದ ಹೊಸ ರೈತರ ಹೆಸರು ಪುಟದಿಂದ ಬಿಟ್ಟುಹೋಗಬಾರದಲ್ಲವೇ?