ಟೊಕುಶಿಮಾಗೆ ಹೋದರೆ ಕೈ ನೀಲಿ ಮಾಡಿಕೊಂಡೇ ಬನ್ನಿ

ಜಪಾನಿಗೆ ಹೋಗುವ ನಮ್ಮವರ ಪಟ್ಟಿ ಹೆಚ್ಚುಕಮ್ಮಿ ಒಂದೇ: ಟೋಕಿಯೊ, ಫ್ಯೂಜಿ ಬೆಟ್ಟ, ಕ್ಯೋಟೊ, ಒಸಾಕಾ. ಒಸಾಕಾ ತನಕ ಹೋದವರು ಇನ್ನು ಮೂರು ಗಂಟೆ ಬಸ್ಸಿನಲ್ಲಿ ಕೂತರೆ ಶಿಕೊಕು ದ್ವೀಪದ ಟೊಕುಶಿಮಾ ಸಿಗುತ್ತದೆ. ನೂರಾರು ವರ್ಷ ನೀಲಿ ಬಣ್ಣ ಕೊಡುವ ಗಿಡ ಬೆಳೆದು, ಬಣ್ಣ ಮಾರಿ ಬದುಕಿದ ಸೀಮೆ ಅದು. ಅಲ್ಲಿ ಒಂದು ಬಟ್ಟೆಯನ್ನು ನೀವೇ ತೊಟ್ಟಿಗೆ ಅದ್ದಿ ಬಣ್ಣ ಹಾಕಬಹುದು. ನನ್ನ ಸಲಹೆ ಇಷ್ಟೇ: ಈ ಬಣ್ಣದ ಕೆಲಸವನ್ನು ಮೊದಲ ದಿನವೇ ಇಟ್ಟುಕೊಳ್ಳಿ. ನದಿ, ಹಳೇ ಬೀದಿ, ದೊಡ್ಡ ದೊಡ್ಡ ಮನೆಗಳನ್ನು ಆಮೇಲೆ ನೋಡಿ. ಅವು ಯಾವ ದುಡ್ಡಿನಲ್ಲಿ ಎದ್ದವು ಎಂಬುದು ಆಗ ಯಾರೂ ಹೇಳದೆಯೇ ಗೊತ್ತಾಗುತ್ತದೆ. ಮೂರು ದಿನ ಸಾಕು.

ಮೊದಲು ಗೋಡೆಯ ಕ್ಯಾಲೆಂಡರ್ ನೋಡಿ

ಟಿಕೆಟ್ ತೆಗೆಯುವ ಮೊದಲು ಅಮಾವಾಸ್ಯೆ, ಹುಣ್ಣಿಮೆ ಯಾವತ್ತು ಬೀಳುತ್ತವೆ ನೋಡಿಕೊಳ್ಳಿ. ಕಾರಣ ಇದೆ. ಟೊಕುಶಿಮಾ ಪಕ್ಕದ ನರುಟೊದಲ್ಲಿ ಸಮುದ್ರದ ನೀರು ದೊಡ್ಡ ಸುಳಿಗಳಾಗಿ ತಿರುಗುತ್ತದೆ. ಸುಮಾರು 1.3 ಕಿಲೋಮೀಟರ್ ಅಗಲದ ಜಲಸಂಧಿ ಅದು. ಒಂದು ಕಡೆಯ ಸಮುದ್ರದಲ್ಲಿ ಉಬ್ಬರ ಇದ್ದಾಗ ಇನ್ನೊಂದು ಕಡೆ ಇಳಿತ. ಹಾಗಾಗಿ ನೀರು ಇಕ್ಕಟ್ಟಿನಲ್ಲಿ ನುಗ್ಗಿ ಹರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರವಿಳಿತ ಜೋರು, ಸುಳಿಯೂ ದೊಡ್ಡದು. ವಸಂತ ಮತ್ತು ಶರತ್ಕಾಲದಲ್ಲಿ ಕೆಲವು ಸುಳಿ 20 ಮೀಟರ್ ಅಗಲಕ್ಕೂ ಬೆಳೆಯುತ್ತವೆ. ಪ್ರವಾಸದ ಒಂದು ದಿನ ಹುಣ್ಣಿಮೆಯ ಹತ್ತಿರ ಬರುವ ಹಾಗೆ ಹೊಂದಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಆಗಸ್ಟ್ 12ರಿಂದ 15ರವರೆಗೆ ಇಲ್ಲಿ ಅವಾ ಒದೊರಿ ಎಂಬ ಬೀದಿ ಕುಣಿತದ ಹಬ್ಬ. ಅದನ್ನೇ ನೋಡಬೇಕೆಂದಿದ್ದರೆ ತಿಂಗಳುಗಟ್ಟಲೆ ಮೊದಲೇ ರೂಮು ಹಿಡಿಯಿರಿ. ಇಲ್ಲದಿದ್ದರೆ ಆ ನಾಲ್ಕು ದಿನ ಬಿಟ್ಟು ಹೋಗಿ.

ಬಣ್ಣದ ಮನೆಯಲ್ಲಿ ಜಾಗ ಕಾದಿರಿಸುವುದು

ಜಪಾನೀ ಭಾಷೆಯಲ್ಲಿ ನೀಲಿ ಅದ್ದುವ ಕೆಲಸಕ್ಕೆ ‘ಐಜೊಮೆ’ ಅನ್ನುತ್ತಾರೆ. ಕೈಯಾರೆ ಮಾಡಿ ನೋಡುವುದಕ್ಕೆ ‘ತೈಕೆನ್’. ‘ಐಜೊಮೆ ತೈಕೆನ್’ ಎಂದು ಕೇಳಿದರೆ ಹೋಟೆಲ್ಲಿನವರಿಗೂ ಥಟ್ಟನೆ ಅರ್ಥವಾಗುತ್ತದೆ. ಮೊದಲ ಸಲ ಮಾಡುವವರಿಗೆ ಪಕ್ಕದ ಐಜುಮಿ ಪಟ್ಟಣದ ‘ಐ ನೊ ಯಾಕಾತಾ’ ಒಳ್ಳೆಯದು. ಹಿಂದೆ ನೀಲಿ ವ್ಯಾಪಾರಿಯೊಬ್ಬರ ಮನೆಯಾಗಿದ್ದ ಜಾಗ ಈಗ ವಸ್ತುಸಂಗ್ರಹಾಲಯ. ಬಣ್ಣ ಹಾಕಲೂ ಅಲ್ಲೇ ಏರ್ಪಾಡಿದೆ. ವಾರದ ರಜೆ ಯಾವತ್ತು ಎಂದು ಮೊದಲೇ ವಿಚಾರಿಸಿ. ಎಷ್ಟು ಜನ, ಯಾವ ಬಟ್ಟೆ ಎಂಬುದನ್ನೂ ತಿಳಿಸಿ. ಕರವಸ್ತ್ರವಾದರೆ ಅಗ್ಗ, ಸ್ಕಾರ್ಫ್‌ ಅಥವಾ ಟೀ ಶರ್ಟ್‌ ಆದರೆ ಜಾಸ್ತಿ.

ಕೆಲವು ಖಾಸಗಿ ಕಾರ್ಯಾಗಾರಗಳಲ್ಲಿ ನಾವು ತಂದ ಬಟ್ಟೆಗೂ ಬಣ್ಣ ಹಾಕಲು ಬಿಡುತ್ತಾರೆ. ಮನೆಯಲ್ಲಿ ಬಿಳಿ ಖಾದಿ ಶಲ್ಯವೋ ಹತ್ತಿಯ ಪಂಚೆಯೋ ಇದ್ದರೆ ಚೀಲಕ್ಕೆ ಹಾಕಿಕೊಳ್ಳಿ. ಹತ್ತಿ, ರೇಷ್ಮೆಗೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ, ಪಾಲಿಯೆಸ್ಟರಿಗೆ ಹಿಡಿಯುವುದಿಲ್ಲ. ಗಂಜಿ ಹಾಕಿದ ಬಟ್ಟೆಯಾದರೆ ಬಿಸಿನೀರಿನಲ್ಲಿ ಗಂಜಿ ಪೂರ್ತಿ ಹೋಗುವ ತನಕ ಒಗೆದು ಒಯ್ಯಿರಿ. ಇಲ್ಲದಿದ್ದರೆ ಬಣ್ಣ ತೇಪೆ ತೇಪೆಯಾಗಿ ಕೂರುತ್ತದೆ.

ತೊಟ್ಟಿಯ ಮುಂದೆ

ಹಳೇ ಬಟ್ಟೆ ಹಾಕಿಕೊಂಡು ಹೋಗಿ. ಉಂಗುರ, ಬಳೆ, ಗಡಿಯಾರ ತೆಗೆದಿಡಿ. ದುಪಟ್ಟಾ ಇದ್ದರೆ ಬಿಗಿಯಾಗಿ ಕಟ್ಟಿಕೊಳ್ಳಿ.

ಒಳಗೆ ಕಾಲಿಟ್ಟ ಕೂಡಲೇ ಗೊಬ್ಬರದ ಗುಂಡಿಯಂಥ ವಾಸನೆ ಮೂಗಿಗೆ ಬಡಿಯುತ್ತದೆ. ಮೂಗು ಮುಚ್ಚಿಕೊಳ್ಳಬೇಡಿ. ಈ ಬಣ್ಣ ಜೀವಂತವಾಗಿದೆ ಎನ್ನುವುದಕ್ಕೆ ಆ ವಾಸನೆಯೇ ಗುರುತು. ಇಲ್ಲಿಯ ನೀಲಿ ಗಿಡ ನಮ್ಮ ನೀಲಿ ಗಿಡವಲ್ಲ, ಬೇರೆಯೇ ಜಾತಿ. ನಮ್ಮಲ್ಲಿ ಎಲೆಯನ್ನು ನೀರಿನಲ್ಲಿ ನೆನೆಸಿ, ತಳಕ್ಕೆ ಇಳಿದ ಬಣ್ಣವನ್ನು ಒಣಗಿಸಿ ಬಿಲ್ಲೆ ಮಾಡುತ್ತಿದ್ದರು. ಇವರು ಒಣಗಿದ ಎಲೆಯನ್ನು ಗುಡ್ಡೆ ಹಾಕಿ, ನೀರು ಚಿಮುಕಿಸಿ, ಮತ್ತೆ ಮತ್ತೆ ಮಗುಚಿ, ಸುಮಾರು ನೂರು ದಿನ ಕೊಳೆಸುತ್ತಾರೆ. ಕೊನೆಗೆ ಉಳಿಯುವ ಕಪ್ಪು ಗೊಬ್ಬರದಂಥದ್ದೇ ‘ಸುಕುಮೊ’. ಇದನ್ನು ಮಾಡುವ ಮನೆಗಳು ಈಗ ಬೆರಳೆಣಿಕೆಯಷ್ಟೇ ಉಳಿದಿವೆ. ಸುಕುಮೊಗೆ ಬೂದಿಯ ತಿಳಿನೀರು, ಸುಣ್ಣ, ಗೋಧಿ ಹೊಟ್ಟು ಸೇರಿಸಿ ತೊಟ್ಟಿಯಲ್ಲಿ ಹುದುಗಿಸುತ್ತಾರೆ. ಹುದುಗು ಸರಿಯಾಗಿ ಬಂದರೆ ಮೇಲೆ ನೀಲಿ ನೊರೆ ಹೂವಿನ ಹಾಗೆ ಗುಪ್ಪೆಯಾಗುತ್ತದೆ. ಅದನ್ನು ‘ನೀಲಿಯ ಹೂ’ ಎಂದೇ ಕರೆಯುತ್ತಾರೆ.

ಇನ್ನು ನಿಮ್ಮ ಕೆಲಸ. ಬಟ್ಟೆಯಲ್ಲಿ ಎಲ್ಲಿ ಬಿಳಿ ಉಳಿಯಬೇಕೋ ಅಲ್ಲಿ ಕಟ್ಟಬೇಕು. ಗೋಲಿ ಇಟ್ಟು ರಬ್ಬರ್ ಬ್ಯಾಂಡ್ ಸುತ್ತಿದರೆ ಉಂಗುರದ ಗುರುತು. ಮಡಿಚಿ ಎರಡು ಕಡೆ ಕಡ್ಡಿ ಇಟ್ಟು ಬಿಗಿದರೆ ಪಟ್ಟೆ. ಮೊದಲ ಸಲ ಎಲ್ಲರೂ ಜಾಸ್ತಿ ಗಂಟು ಹಾಕುತ್ತಾರೆ. ಮೂರು ನಾಲ್ಕು ಸಾಕು, ಆದರೆ ಗಟ್ಟಿಯಾಗಿರಲಿ. ಸಡಿಲ ಗಂಟಿನೊಳಗೆ ಬಣ್ಣ ಹೊಕ್ಕು ಗುರುತೇ ನಿಲ್ಲುವುದಿಲ್ಲ.

ಕಟ್ಟಿದ ಬಟ್ಟೆಯನ್ನು ನೀರಿನಲ್ಲಿ ಒದ್ದೆ ಮಾಡಿ ಹಿಂಡಿ. ಕೈಗವಸು ಹಾಕಿಕೊಂಡು ಮೆಲ್ಲಗೆ ತೊಟ್ಟಿಗೆ ಇಳಿಸಿ. ಒಳಗೆ ಒಂದು ನಿಮಿಷ, ಮಡಿಕೆಗಳನ್ನು ಬೆರಳಿನಿಂದ ಬಿಡಿಸುತ್ತಾ ಇರಿ. ನೀರು ಕಲಕಬೇಡಿ, ಗುಳ್ಳೆ ಎಬ್ಬಿಸಬೇಡಿ, ತಳ ಮುಟ್ಟಬೇಡಿ. ಯಾಕೆಂದರೆ ನೀಲಿ ತಾನಾಗಿ ನೀರಿನಲ್ಲಿ ಕರಗುವುದಿಲ್ಲ. ತೊಟ್ಟಿಯ ಸೂಕ್ಷ್ಮಜೀವಿಗಳು ಅದನ್ನು ಕರಗುವ ರೂಪಕ್ಕೆ ತಂದಿರುತ್ತವೆ. ಗಾಳಿ ಒಳಗೆ ಸೇರಿದರೆ ಅವುಗಳ ಕೆಲಸ ಕೆಡುತ್ತದೆ.

ಈಗ ಬಟ್ಟೆ ಹೊರಗೆ ತೆಗೆದು ಹಿಂಡಿ, ಬಿಡಿಸಿ ಹಿಡಿಯಿರಿ. ಅದು ನೀಲಿಯಾಗಿ ಬರುವುದಿಲ್ಲ, ಹಳದಿ ಬೆರೆತ ಹಸಿರಾಗಿ ಬರುತ್ತದೆ. ಕಣ್ಣು ಬೇರೆ ಕಡೆ ತಿರುಗಿಸಬೇಡಿ. ಗಾಳಿ ತಾಗುತ್ತಿದ್ದ ಹಾಗೆ ಅಂಚಿನಿಂದ ಶುರುವಾಗಿ ನಿಮ್ಮ ಕೈಯಲ್ಲೇ ಹಸಿರು ನೀಲಿಗೆ ತಿರುಗುತ್ತದೆ. ಇಡೀ ಪ್ರವಾಸದಲ್ಲಿ ನನಗೆ ತುಂಬ ಹಿಡಿಸಿದ ಗಳಿಗೆ ಇದು. ಫೋನನ್ನು ಜೊತೆಯವರ ಕೈಗೆ ಕೊಟ್ಟು ನೀವು ಸುಮ್ನೆ ನೋಡಿ.

ಮತ್ತೆ ಅದ್ದಿ, ಮತ್ತೆ ಗಾಳಿಗೆ ಹಿಡಿಯಿರಿ. ಅದ್ದಿದಷ್ಟೂ ಬಣ್ಣ ಗಾಢ. ಎಲ್ಲಕ್ಕಿಂತ ತೆಳು ನೀಲಿಗೆ ‘ಕಾಮೆನೊಜೊಕಿ’ ಎಂಬ ಹೆಸರು, ಅಂದರೆ ಬಟ್ಟೆ ಹಂಡೆಯೊಳಗೆ ಇಣುಕಿ ಬಂದಿದೆ ಅಷ್ಟೇ. ಎಷ್ಟೋ ಸಲ ಅದ್ದಿದ ಕಡು ನೀಲಿಗೆ ‘ಕೊನ್’. ಒದ್ದೆ ಬಟ್ಟೆಯಲ್ಲಿ ಬಣ್ಣ ಕಡುವಾಗಿ ಕಾಣುತ್ತದೆ, ಒಣಗಿದ ಮೇಲೆ ತಿಳಿಯಾಗುತ್ತದೆ. ಹಾಗಾಗಿ ಸಾಕು ಅನ್ನಿಸಿದ ಮೇಲೂ ಇನ್ನೊಂದು ಸಲ ಅದ್ದಿ. ಕೊನೆಗೆ ಚೆನ್ನಾಗಿ ಜಾಲಿಸಿ ಗಂಟು ಬಿಚ್ಚಿ.

ಅದೇ ಸಂಜೆ ಟೊಕುಶಿಮಾ ನಗರದ ಅವಾ ಒದೊರಿ ಕೈಕಾನ್‌ಗೆ ಹೋಗಿ. ಅಲ್ಲಿ ವರ್ಷವಿಡೀ ಆ ಕುಣಿತದ ಪ್ರದರ್ಶನ ಇರುತ್ತದೆ. ಕೊನೆಗೆ ನೋಡುವವರನ್ನೂ ಕರೆದು ಹೆಜ್ಜೆ ಹೇಳಿಕೊಡುತ್ತಾರೆ. ಕರೆದಾಗ ಎದ್ದು ಹೋಗಿ.

ಎರಡನೇ ದಿನ ನದಿಯ ಜೊತೆ ಮೇಲಕ್ಕೆ

ಬೆಳಿಗ್ಗೆ ರೈಲು ಹಿಡಿಯಿರಿ. ವಿದ್ಯುತ್ ರೈಲು ಇಲ್ಲದ ಪ್ರಾಂತ್ಯ ಜಪಾನಿನಲ್ಲಿ ಇದೊಂದೇ, ಎಲ್ಲವೂ ಡೀಸೆಲ್. ಹಳಿ ಯೊಶಿನೊ ನದಿಯ ಪಕ್ಕದಲ್ಲೇ ಸಾಗುತ್ತದೆ. ಈ ನದಿ ಹಿಂದೆ ಚಂಡಮಾರುತದ ಕಾಲದಲ್ಲಿ ಮತ್ತೆ ಮತ್ತೆ ಉಕ್ಕುತ್ತಿತ್ತು, ಭತ್ತ ಕೈಗೆ ಸಿಗುತ್ತಿರಲಿಲ್ಲ. ನೀಲಿ ಗಿಡವನ್ನಾದರೆ ಪ್ರವಾಹಕ್ಕೆ ಮೊದಲೇ ಕೊಯ್ಯಬಹುದು. ಪ್ರವಾಹ ತಂದು ಹಾಕಿದ ಮೆಕ್ಕಲು ಮಣ್ಣೇ ಅದಕ್ಕೆ ಗೊಬ್ಬರ. 1585ರಲ್ಲಿ ಇಲ್ಲಿಗೆ ಬಂದ ಹಾಚಿಸುಕಾ ಮನೆತನದ ಆಳರಸರು ಈ ಬೆಳೆಗೆ ಬೆಂಬಲ ಕೊಟ್ಟರು.

ಅನಾಬುಕಿ ನಿಲ್ದಾಣದಲ್ಲಿ ಇಳಿದು ಟ್ಯಾಕ್ಸಿಯಲ್ಲಿ ಹತ್ತು ನಿಮಿಷ ಹೋದರೆ ವಾಕಿಮಾಚಿ. ನೀಲಿ ವ್ಯಾಪಾರಿಗಳ ಮನೆಗಳ ಸಾಲು ಬೀದಿ. ಮಾಡಿಯ ಹತ್ತಿರ, ಮನೆ ಮನೆಯ ನಡುವೆ ಹೆಂಚು ಹೊದಿಸಿದ ಚಾಚು ಗೋಡೆ ನೋಡಿ. ಅದಕ್ಕೆ ‘ಉದಾತ್ಸು’ ಎಂದು ಹೆಸರು. ಪಕ್ಕದ ಮನೆಯ ಬೆಂಕಿ ತಡೆಯಲು ಕಟ್ಟಿದ್ದು. ಕ್ರಮೇಣ ಸಿರಿವಂತಿಕೆಯ ಗುರುತಾಯಿತು. ‘ಉದಾತ್ಸು ಏಳಲಿಲ್ಲ’ ಅಂದರೆ ಜಪಾನಿಯಲ್ಲಿ ಇವತ್ತಿಗೂ ಬದುಕು ಮೇಲೆ ಬರಲಿಲ್ಲ ಎಂದೇ ಅರ್ಥ. ಈ ಸಿರಿ ಇಳಿದದ್ದರಲ್ಲಿ ನಮ್ಮ ದೇಶದ ಹೆಸರೂ ಇದೆ. 1868ರಿಂದ 1912ರ ತನಕದ ಮೇಜಿ ಕಾಲದಲ್ಲಿ ಭಾರತದ ಅಗ್ಗದ ನೀಲಿ ಜಪಾನಿಗೆ ಬಂತು. ಹಿಂದೆಯೇ ಕಾರ್ಖಾನೆಯ ನೀಲಿ ಬಂದು ಇಲ್ಲಿಯವರನ್ನೂ ನಮ್ಮವರನ್ನೂ ಒಟ್ಟಿಗೆ ಕೆಡವಿತು.

ಅಲ್ಲಿಂದ ಮತ್ತೆ ರೈಲಿನಲ್ಲಿ ಅವಾ ಇಕೆದಾ ದಾಟಿ ಒಬೊಕೆ, ಅಲ್ಲಿಂದ ಬಸ್ಸಿನಲ್ಲಿ ಇಯಾ ಕಣಿವೆಯ ಬಳ್ಳಿ ಸೇತುವೆ. 45 ಮೀಟರ್ ಉದ್ದ, ನೀರಿನಿಂದ 14 ಮೀಟರ್ ಮೇಲೆ. ಮೂರು ವರ್ಷಕ್ಕೊಮ್ಮೆ ಬಳ್ಳಿ ಬದಲಿಸಿ ಹೊಸದಾಗಿ ಹೆಣೆಯುತ್ತಾರೆ, ಒಳಗೆ ಉಕ್ಕಿನ ಹಗ್ಗ ಇದೆ. ಹಲಗೆಗಳ ನಡುವೆ ಪಾದ ಇಳಿಯುವಷ್ಟು ಸಂದು. ಚಪ್ಪಲಿ ಬೇಡ, ಶೂ ಹಾಕಿ. ಫೋನ್ ಜೇಬಿನಲ್ಲಿರಲಿ. ಬಸ್ಸು ತೀರಾ ಕಡಿಮೆ, ವಾಪಸ್ ಬಸ್ಸಿನ ಹೊತ್ತು ನೋಡಿಕೊಂಡೇ ಸೇತುವೆ ಹತ್ತಿ.

ಸಸ್ಯಾಹಾರಿಗಳಿಗೆ ಒಂದು ಮಾತು. ಇಲ್ಲಿಯ ಸಾರಿಗೆ ‘ದಾಶಿ’ ಎಂಬ ಮೀನಿನ ರಸ ಹಾಕುವುದೇ ರೂಢಿ, ತರಕಾರಿ ನೂಡಲ್ಸ್ ಆದರೂ ಬಿಡುವುದಿಲ್ಲ. ಉಪ್ಪಿನಕಾಯಿಯಂಥ ಹುಳಿ ಉಮೆ ಹಣ್ಣು ಇಟ್ಟ ಅನ್ನದ ಉಂಡೆ, ನರುಟೊದ ಸುಟ್ಟ ಗೆಣಸು ಹಸಿವು ಕಳೆಯುತ್ತವೆ. ಆ ಗೆಣಸು ನಿಜಕ್ಕೂ ಜೇನಿನಷ್ಟು ಸಿಹಿ.

ಮೂರನೇ ದಿನ ಸುಳಿ

ನರುಟೊದಲ್ಲಿ ಹರಿವು ಅತಿ ಜೋರಾಗಿರುವ ಹೊತ್ತಿನ ಪಟ್ಟಿಯನ್ನು ದಿನದಿನದ ಲೆಕ್ಕದಲ್ಲಿ ಪ್ರಕಟಿಸುತ್ತಾರೆ. ಆ ಹೊತ್ತಿನ ಹಿಂದೆ ಮುಂದೆ ಒಂದು ಗಂಟೆಯೊಳಗೆ ಅಲ್ಲಿರಿ. ತಡವಾಗಿ ಹೋದರೆ ಬರೀ ಸಮುದ್ರ ಕಾಣುತ್ತದೆ. ಜಲಸಂಧಿಯ ಮೇಲೆ 1985ರಲ್ಲಿ ಸಂಚಾರಕ್ಕೆ ತೆರೆದ ಸೇತುವೆಯ ಕೆಳ ಅಂತಸ್ತಿನಲ್ಲಿ 450 ಮೀಟರ್ ನಡೆದು, 45 ಮೀಟರ್ ಎತ್ತರದ ಗಾಜಿನ ನೆಲದಿಂದ ಸುಳಿ ನೋಡಬಹುದು. ದೋಣಿಯಲ್ಲಿ ಹತ್ತಿರವೂ ಹೋಗಬಹುದು. ಒಂದೇ ಆರಿಸಿಕೊಳ್ಳುವುದಾದರೆ ನಾನು ದೋಣಿ ಅನ್ನುತ್ತೇನೆ, ನೀರಿನ ಸದ್ದು ಕೇಳುವುದು ಅಲ್ಲೇ.

ಊರಿಗೆ ಬಂದ ಮೇಲೆ ನಿಮ್ಮ ನೀಲಿ ಬಟ್ಟೆಯನ್ನು ಮೊದಲ ಕೆಲವು ಸಲ ಬೇರೆಯಾಗಿ, ಬರೀ ತಣ್ಣೀರಿನಲ್ಲಿ ಜಾಲಿಸಿ ನೆರಳಿನಲ್ಲಿ ಒಣಗಿಸಿ. ಕಂದು ಬಣ್ಣದ ನೀರು ಬಂದರೆ ಹೆದರಬೇಡಿ, ಅದು ಎಲೆಯ ಕೊಳೆ. ಅದು ಹೋದ ಹಾಗೆ ನೀಲಿ ಇನ್ನೂ ಸ್ವಚ್ಛವಾಗಿ ಕಾಣುತ್ತದೆ.